ದೀಪ ಆರಿಸೋಕೂ ಕಂಪನಿ ಬೇಕಾ?

ಬೀದರ್‌ನಿಂದ ಹುಮನಾಬಾದ್ ಕಡೆ ಹೋಗುವಾಗ ಸಿಗುವ ಊರು ಹಳ್ಳಿಖೇಡ (ಬಿ). ಹೆಸರಿನ ಪಕ್ಕದ ‘ಬಿ’ ಅಂದರೆ ಬುಜುರ್ಗ್, ಹಿರಿದು ಅಂತ. ಕಬ್ಬು ಮತ್ತು ಸಹಕಾರಿ ಸಕ್ಕರೆ ಕಾರ್ಖಾನೆಯಿಂದ ನಿಮಗೆ ಈ ಊರಿನ ಹೆಸರು ಗೊತ್ತಿರುತ್ತೆ. ಅಲ್ಲಿಂದ ವೀಕ್ಷಕರೊಬ್ಬರು ನಮಗೊಂದು ವಾಯ್ಸ್ ಮೆಸೇಜ್ ಕಳಿಸಿದ್ದರು. ವೃತ್ತಿಯಲ್ಲಿ ವೈರ್‌ಮನ್. ಅವರ ಮಾತು ಹೀಗಿತ್ತು: “ಸರ, ಇಪ್ಪತ್ತು ವರ್ಷ ಆಯ್ತು ವೈರಿಂಗ್ ಮಾಡ್ಲಿಕತ್ತು. ಈಗ ಕಂಪ್ಯೂಟರಿನ ಕೇಬಲ್‌ನಾಗೇ ಲೈಟ್ ಹತ್ತತಾವ, ಸ್ವಿಚ್ಚೇ ಬ್ಯಾಡ, ಮೊಬೈಲ್‌ನಾಗ ಎಲ್ಲಾ ಆಗ್ತದ ಅಂತಾರ. ಇದು ಖರೇ ಏನು? ಖರೇ ಇದ್ದರ ನಮ್ಮ ಕೆಲಸ ಹೋಯ್ತೇನ್ರಿ?”

ಎರಡು ಪ್ರಶ್ನೆ. ಮೊದಲನೆಯದು ತಂತ್ರಜ್ಞಾನದ್ದು, ಎರಡನೆಯದು ಹೊಟ್ಟೆಪಾಡಿನದು. ಇವತ್ತು ಎರಡಕ್ಕೂ ಉತ್ತರ ಹುಡುಕೋಣ. ನಾಳೆ ನಿಮ್ಮೂರಿನ ಶಾಲೆ, ಆಸ್ಪತ್ರೆ, ಪುರಸಭೆ ಕಚೇರಿ ಕಟ್ಟುವಾಗಲೂ ಇದೇ ಪ್ರಶ್ನೆ ಬರುತ್ತೆ. ಆಗ ಖರ್ಚಾಗೋದು ನಿಮ್ಮದೇ ತೆರಿಗೆ ದುಡ್ಡು.

ಮೊದಲ ಪ್ರಶ್ನೆಗೆ ನೇರ ಉತ್ತರ: ಹೌದು, ಖರೇ. ಕಂಪ್ಯೂಟರ್ ಜೋಡಿಸುವ ನೆಟ್‌ವರ್ಕ್ ಕೇಬಲ್‌ನಲ್ಲೇ ದೀಪ ಹತ್ತುತ್ತೆ. ಹೇಗೆ ಅಂತ ತಿಳಿಯೋಕೆ ಎಲ್‌ಇಡಿ ಬಲ್ಬಿನ ಹೊಟ್ಟೆಯೊಳಗೆ ಏನಿದೆ ಅಂತ ನೋಡಬೇಕು.

2015ರಲ್ಲಿ ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಬಂತು. ನಮ್ಮ ರಾಜ್ಯದಲ್ಲಿ ಅದು ‘ಹೊಸ ಬೆಳಕು’ ಅನ್ನೋ ಹೆಸರಲ್ಲಿ ಶುರುವಾಯ್ತು. 9 ವ್ಯಾಟಿನ ಬಲ್ಬು 100 ರೂಪಾಯಿಗೆ ಸಿಕ್ಕಿತು. 60 ವ್ಯಾಟಿನ ಹಳದಿ ಬಲ್ಬಿನ ಜಾಗಕ್ಕೆ ಅದು ಬಂದು ಕೂತಿತು. ಅದರೊಳಗೆ ಬೆಳಕು ಕೊಡುವ ಒಂದು ಬಿಳಿ ಎಲ್‌ಇಡಿ ಚಿಪ್‌ಗೆ ಬೇಕಾಗೋದು ಬರೀ 3 ವೋಲ್ಟ್ ಆಸುಪಾಸು. ಅದೂ ಡಿಸಿ ಕರೆಂಟ್, ಅಂದರೆ ಬ್ಯಾಟರಿಯ ಹಾಗೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್. ಆದರೆ ನಮ್ಮ ಗೋಡೆಯಲ್ಲಿ ಬರೋದು 230 ವೋಲ್ಟ್ ಎಸಿ, ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡಾಡುವ ಕರೆಂಟ್. ಹಾಗಾಗಿ ಪ್ರತಿ ಬಲ್ಬಿನ ಬುಡದಲ್ಲೂ ಡ್ರೈವರ್ ಅನ್ನೋ ಪುಟ್ಟ ಸರ್ಕ್ಯೂಟ್ ಕೂತಿರುತ್ತೆ. ಎಸಿಯನ್ನು ಡಿಸಿ ಮಾಡಿ, ವೋಲ್ಟೇಜ್ ಇಳಿಸಿ ಕೊಡೋದು ಅದರ ಕೆಲಸ.

ಬಲ್ಬು ಕೆಟ್ಟಾಗ ಬಹಳಷ್ಟು ಸಲ ಸತ್ತಿರೋದು ಎಲ್‌ಇಡಿ ಚಿಪ್ ಅಲ್ಲ, ಈ ಡ್ರೈವರ್. ಅದರಲ್ಲಿರುವ ಕೆಪಾಸಿಟರ್ ಬಿಸಿಲಿಗೆ, ಬಿಸಿಗೆ ಒಣಗುತ್ತೆ. ಬೀದರ್ ಜಿಲ್ಲೆಯ ಬೇಸಿಗೆಯಲ್ಲಿ, ಗಾಳಿ ಆಡದ ಮುಚ್ಚಿದ ಹೋಲ್ಡರ್‌ನಲ್ಲಿ ಅದರ ಗತಿ ಏನಾಗಬೇಕು ಹೇಳಿ. ಒಳಗಿನ ಚಿಪ್ ಗಟ್ಟಿಯಾಗೇ ಇರುತ್ತೆ, ಆದರೂ ನಾವು ಇಡೀ ಬಲ್ಬು ಬಿಸಾಡ್ತೀವಿ.

ಹಾಗಾದರೆ ಮೊದಲೇ ಯಾಕೆ ಡಿಸಿ ಕೊಡಲಿಲ್ಲ? ಇದಕ್ಕೆ ಉತ್ತರ ಕರ್ನಾಟಕದ ಇತಿಹಾಸದಲ್ಲೇ ಇದೆ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಮೂರು ವರ್ಷದ ನಂತರ, 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ದೀಪ ಬೆಳಗಿತು. ಅಷ್ಟು ದೂರ ಕರೆಂಟ್ ಸಾಗಿಸಬೇಕಾದರೆ ವೋಲ್ಟೇಜನ್ನು ಸಾವಿರಗಟ್ಟಲೆ ಏರಿಸಬೇಕು, ಊರು ಬಂದಾಗ ಇಳಿಸಬೇಕು. ಅವತ್ತಿನ ಕಾಲಕ್ಕೆ ಅದು ಟ್ರಾನ್ಸ್‌ಫಾರ್ಮರ್‌ನಿಂದ ಮಾತ್ರ ಸಾಧ್ಯವಿತ್ತು, ಟ್ರಾನ್ಸ್‌ಫಾರ್ಮರ್ ಎಸಿಗೆ ಮಾತ್ರ ಕೆಲಸ ಮಾಡುತ್ತೆ. ಹಾಗಾಗಿ ಎಸಿ ಗೆದ್ದಿತು. ಊರಿಂದೂರಿಗೆ ಇವತ್ತಿಗೂ ಅದೇ ಸರಿ. ಆದರೆ ಮನೆ ಬಾಗಿಲು ದಾಟಿದ ಮೇಲೆ ಲೆಕ್ಕ ಬದಲಾಗಿದೆ. ಎಲ್‌ಇಡಿ, ಮೊಬೈಲ್, ಲ್ಯಾಪ್‌ಟಾಪ್, ಸಿಸಿಟಿವಿ, ಟಿವಿ, ಹೊಸ ಬಿಎಲ್‌ಡಿಸಿ ಫ್ಯಾನ್ ಎಲ್ಲವೂ ಒಳಗೊಳಗೆ ಡಿಸಿ ಗಿರಾಕಿಗಳೇ. ಮೇಲೆ ಸೋಲಾರ್ ಪ್ಯಾನೆಲ್ ಹಾಕಿದರೆ ಅದು ಕೊಡೋದೂ ಡಿಸಿ, ಬ್ಯಾಟರಿ ಹಿಡಿದಿಡೋದೂ ಡಿಸಿ. ಇನ್ವರ್ಟರ್ ಅದನ್ನ ಎಸಿ ಮಾಡುತ್ತೆ, ಬಲ್ಬಿನ ಡ್ರೈವರ್ ಮತ್ತೆ ಡಿಸಿ ಮಾಡುತ್ತೆ. ಪ್ರತಿ ಸಲ ಬದಲಾಯಿಸುವಾಗಲೂ ಒಂದಿಷ್ಟು ಕರೆಂಟ್ ಬರೀ ಬಿಸಿಯಾಗಿ ಹೋಗುತ್ತೆ.

ಇಲ್ಲಿಂದ ಹುಟ್ಟಿದ್ದೇ ಕಡಿಮೆ ವೋಲ್ಟೇಜಿನ ಬೆಳಕಿನ ಜಾಲ. ಪರಿವರ್ತನೆ ಒಂದೇ ಕಡೆ, ಒಂದೇ ಸಲ ಆಗಲಿ, ಅಲ್ಲಿಂದ ದೀಪಗಳಿಗೆ ನೇರವಾಗಿ ಡಿಸಿ ಹೋಗಲಿ ಅನ್ನೋದು ಅದರ ತಿರುಳು.

ಎಷ್ಟು ವೋಲ್ಟ್? ಕಬ್ಬಿಗೆ ಡ್ರಿಪ್ ಹಾಕಿದ ರೈತರಿಗೆ ಇದು ಬೇಗ ಅರ್ಥ ಆಗುತ್ತೆ. ಒತ್ತಡ ಕಡಿಮೆ ಇದ್ದರೆ ಪೈಪಿನ ಬಾಯಲ್ಲಿ ನೀರು ಬರುತ್ತೆ, ಹೊಲದ ಕೊನೆಯ ಸಾಲು ಒಣಗುತ್ತೆ. ವೋಲ್ಟೇಜ್ ಅಂದರೆ ಆ ಒತ್ತಡ. 60 ವ್ಯಾಟಿನ ದೀಪಗಳಿಗೆ 230 ವೋಲ್ಟ್‌ನಲ್ಲಿ ಸುಮಾರು ಕಾಲು ಆಂಪಿಯರ್ ಸಾಕು. 12 ವೋಲ್ಟ್ ಆದರೆ 5 ಆಂಪಿಯರ್ ಬೇಕು, 48 ವೋಲ್ಟ್ ಆದರೆ ಒಂದೂಕಾಲು. ತಂತಿಯಲ್ಲಿ ಪೋಲಾಗುವ ಶಕ್ತಿ ಆಂಪಿಯರಿನ ವರ್ಗಕ್ಕೆ ತಕ್ಕಂತೆ ಏರುತ್ತೆ. ಅಂದರೆ 12ರ ಬದಲು 48 ವೋಲ್ಟ್ ಇಟ್ಟರೆ ಅದೇ ತಂತಿಯಲ್ಲಿ ನಷ್ಟ ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತೆ. ಹೀಗಾಗಿ ಒಂದೆರಡು ಕೋಣೆಯ ಮನೆಗೆ 12 ವೋಲ್ಟ್ ನಡೆಯುತ್ತೆ, ದೊಡ್ಡ ಕಟ್ಟಡಕ್ಕೆ 48ರ ಆಸುಪಾಸು ಬೇಕು. ಭಾರತೀಯ ಮಾನಕ ಬ್ಯೂರೋ 2017ರಲ್ಲೇ 48 ವೋಲ್ಟ್ ಡಿಸಿ ವಿತರಣೆಗೆ ಐಎಸ್ 16711 ಅನ್ನೋ ಮಾನದಂಡ ಕೊಟ್ಟಿದೆ.

ಈಗ ‘ಕಂಪ್ಯೂಟರ್ ಕೇಬಲ್’ ವಿಷಯಕ್ಕೆ ಬರೋಣ. ಇದಕ್ಕೆ ಪವರ್ ಓವರ್ ಈಥರ್ನೆಟ್ ಅಂತ ಹೆಸರು, ಚಿಕ್ಕದಾಗಿ ಪಿಓಇ. ಸಿಸಿಟಿವಿ ಕ್ಯಾಮೆರಾ ಹಾಕುವ ಹುಡುಗರಿಗೆ ಇದು ಹಳೇ ಪರಿಚಯ. ನೆಟ್‌ವರ್ಕ್ ಕೇಬಲ್‌ನೊಳಗೆ ಎಂಟು ತೆಳು ತಾಮ್ರದ ತಂತಿ ಇರುತ್ತೆ. ಅದೇ ಕೇಬಲ್ ಮಾಹಿತಿಯನ್ನೂ ಒಯ್ಯುತ್ತೆ, ಸುಮಾರು 48 ವೋಲ್ಟ್ ಡಿಸಿಯನ್ನೂ ಒಯ್ಯುತ್ತೆ. 2003ರಲ್ಲಿ ಮೊದಲ ಮಾನದಂಡ ಬಂದಾಗ ಒಂದು ಕೇಬಲ್‌ಗೆ 15.4 ವ್ಯಾಟ್ ಮಿತಿ ಇತ್ತು, ಬಲ್ಬಿಗೆ ಸರಿ, ಹಾಲ್‌ಗೆ ಸಾಲದು. 2018ರ ಮಾನದಂಡದಲ್ಲಿ ಅದು 90 ವ್ಯಾಟ್‌ಗೆ ಏರಿತು, ದೂರದ ತುದಿಯಲ್ಲಿ ಸುಮಾರು 71 ವ್ಯಾಟ್ ಸಿಗುತ್ತೆ. ಮೂರು ಎಲ್‌ಇಡಿ ಟ್ಯೂಬ್‌ಲೈಟಿಗೆ ಧಾರಾಳ ಸಾಕು. ಕೇಬಲ್ ಉದ್ದ ಮಾತ್ರ 100 ಮೀಟರ್ ದಾಟಬಾರದು.

ಇದರಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ಅಂಶ ಒಂದಿದೆ. ಕರೆಂಟ್ ಕೊಡುವ ಪೆಟ್ಟಿಗೆ ಮೊದಲು ಸಣ್ಣ ವೋಲ್ಟೇಜ್ ಕಳಿಸಿ, ಆ ಕಡೆ ಯಾರಿದ್ದೀರಿ ಅಂತ ವಿಚಾರಿಸುತ್ತೆ. ತಕ್ಕ ಉಪಕರಣ ಉತ್ತರ ಕೊಟ್ಟರೆ ಮಾತ್ರ 48 ವೋಲ್ಟ್ ಬಿಡುತ್ತೆ. ಉತ್ತರ ಬರಲಿಲ್ಲ ಅಂದರೆ ಇಲ್ಲ. ಹಾಗಾಗಿ ಕೇಬಲ್ ತುಂಡಾಗಿ ನೇತಾಡುತ್ತಿದ್ದರೆ ಅದರಲ್ಲಿ ಪೂರ್ತಿ ಕರೆಂಟ್ ಇರೋದಿಲ್ಲ. ನಮ್ಮ 230 ವೋಲ್ಟಿನ ತಂತಿ ಹೀಗೆ ಯಾರನ್ನೂ ಕೇಳೋದಿಲ್ಲ, ಮುಟ್ಟಿದವರನ್ನ ಹೊಡೆಯುತ್ತೆ. ಈ ದೇಶದಲ್ಲಿ ವಿದ್ಯುತ್ ಆಘಾತದಿಂದ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ 12 ಸಾವಿರಕ್ಕೂ ಹೆಚ್ಚು ಜನ ಸಾಯ್ತಿದ್ದಾರೆ. ಮಳೆಗಾಲದಲ್ಲಿ ಒದ್ದೆಯಾದ ಕಲ್ಲಿನ ಗೋಡೆ, ಕಿತ್ತುಬಂದ ಸ್ವಿಚ್ ಬೋರ್ಡ್, ಅದರ ಕೆಳಗೆ ಬರಿಗಾಲಿನ ಮಕ್ಕಳು. ಈ ದೃಶ್ಯ ನಮ್ಮ ಭಾಗದಲ್ಲಿ ಎಷ್ಟು ಕಡೆ ಇದೆ ಅಂತ ನಿಮಗೇ ಗೊತ್ತು. ಕಡಿಮೆ ವೋಲ್ಟೇಜಿನ ನಿಜವಾದ ಲಾಭ ಇದು. ಮೊಬೈಲ್‌ನಲ್ಲಿ ಬಣ್ಣ ಬದಲಾಯಿಸೋದೆಲ್ಲ ಆಮೇಲೆ.

ಹಾಗಂತ ಮೈಮರೆಯೋ ಹಾಗಿಲ್ಲ. ಪೆಟ್ಟಿಗೆಗೆ ಒಳಬರುವ ಕರೆಂಟ್ ಇನ್ನೂ 230 ವೋಲ್ಟೇ. 48 ವೋಲ್ಟಿನ ಬ್ಯಾಟರಿ ಶಾರ್ಟ್ ಆದರೆ ಬೆಂಕಿ ಹತ್ತುತ್ತೆ. ಅಗ್ಗಕ್ಕೆ ಸಿಗುವ, ಅಲ್ಯೂಮಿನಿಯಂಗೆ ತಾಮ್ರದ ಲೇಪ ಹಚ್ಚಿದ ಕೇಬಲ್‌ಗಳನ್ನ ಕಟ್ಟುಗಟ್ಟಲೆ ಬಿಗಿದು ಇಟ್ಟರೆ ಅವು ಬಿಸಿಯಾಗುತ್ತವೆ. ಪೂರ್ತಿ ತಾಮ್ರದ್ದೇ ಬೇಕು ಅಂತ ಪಟ್ಟು ಹಿಡಿಯಬೇಕು.

ಇನ್ನು ಆಟೊಮೇಷನ್. ಜಾಲದಲ್ಲಿರುವ ಪ್ರತಿ ದೀಪಕ್ಕೂ ಒಂದು ನಂಬರ್ ಇರುತ್ತೆ, ಬೀದಿಯಲ್ಲಿ ಮನೆ ನಂಬರ್ ಇದ್ದ ಹಾಗೆ. 14ನೇ ದೀಪ ಆರಲಿ, 15ನೆಯದು ಅರ್ಧ ಬೆಳಗಲಿ ಅಂತ ಆದೇಶ ಕಳಿಸಬಹುದು. ಈ ಭಾಷೆಗಳಲ್ಲಿ ಡಾಲಿ ಅನ್ನೋದು ಹಳೆಯ, ಜಗತ್ತೆಲ್ಲ ಒಪ್ಪಿದ ಮಾನದಂಡ. ಒಂದು ಜೋಡಿ ತಂತಿಯ ಮೇಲೆ 64 ದೀಪಗಳಿಗೆ ಅದು ಬೇರೆ ಬೇರೆ ಆದೇಶ ಕೊಡಬಲ್ಲದು. ಇದಕ್ಕೆ ಸೆನ್ಸರ್ ಸೇರಿಸಿದರೆ ಕೋಣೆಯಲ್ಲಿ ಜನ ಇಲ್ಲದಾಗ ದೀಪ ಆರುತ್ತೆ, ಕಿಟಕಿಯಿಂದ ಬಿಸಿಲು ಬಂದಾಗ ಮಂದವಾಗುತ್ತೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ 2014–15ರ ಹೊತ್ತಿಗೆ ಸಿದ್ಧವಾದ ‘ದಿ ಎಡ್ಜ್’ ಅನ್ನೋ ಕಚೇರಿ ಕಟ್ಟಡದಲ್ಲಿ 6 ಸಾವಿರಕ್ಕೂ ಹೆಚ್ಚು ದೀಪಗಳು ಹೀಗೆ ಜಾಲದಲ್ಲಿವೆ.

ಕೇಳೋಕೆ ಚೆನ್ನಾಗಿದೆ. ನಮ್ಮೂರಿನ ಶಾಲೆಗೆ ಇದರಿಂದ ಎಷ್ಟು ಉಳಿತಾಯ? ಬನ್ನಿ, ಒಂದು ಲೆಕ್ಕ ಹಾಕೋಣ. 12 ಕೋಣೆ, ಕೋಣೆಗೆ 4 ಟ್ಯೂಬ್‌ಲೈಟ್, ಒಟ್ಟು 48. ವರ್ಷಕ್ಕೆ 220 ದಿನ, ದಿನಕ್ಕೆ 6 ಗಂಟೆ ಅಂತ ಇಟ್ಟುಕೊಳ್ಳಿ. ಹಳೇ ಟ್ಯೂಬ್‌ಲೈಟ್ ಚೋಕ್ ಸೇರಿ ಸುಮಾರು 52 ವ್ಯಾಟ್ ತಿನ್ನುತ್ತೆ. ವರ್ಷಕ್ಕೆ ಸುಮಾರು 3,300 ಯೂನಿಟ್. ಅದನ್ನ ತೆಗೆದು 20 ವ್ಯಾಟಿನ ಎಲ್‌ಇಡಿ ಹಾಕಿದರೆ 1,270 ಯೂನಿಟ್. ಉಳಿತಾಯ 2,000ಕ್ಕೂ ಜಾಸ್ತಿ. ಈಗ ಸೆನ್ಸರ್ ಹಾಕಿ ಅದನ್ನೂ ಅರ್ಧ ಮಾಡಿದಿರಿ ಅಂದುಕೊಳ್ಳಿ. ಮತ್ತೆ 630 ಯೂನಿಟ್ ಉಳೀತು. ಆದರೆ ತಾಳಿ. ಜಾಲದಲ್ಲಿರುವ ದೀಪ ಆರಿದ್ದರೂ ಆದೇಶಕ್ಕೆ ಕಿವಿ ತೆರೆದುಕೊಂಡೇ ಇರಬೇಕು. ದೀಪಕ್ಕೆ ಅರ್ಧ ವ್ಯಾಟ್ ಅಂತ ಹಿಡಿದರೂ 48 ದೀಪ, ದಿನದ 24 ಗಂಟೆ, ವರ್ಷದ 365 ದಿನ, ರಜೆಯಲ್ಲೂ ಸೇರಿ 210 ಯೂನಿಟ್ ಆಯ್ತು. ಕೈಗೆ ಉಳಿದದ್ದು 420.

ಈ ಲೆಕ್ಕ ಏನು ಹೇಳುತ್ತೆ? ದೊಡ್ಡ ಉಳಿತಾಯ ಎಲ್‌ಇಡಿಯಿಂದಲೇ ಬಂದುಬಿಟ್ಟಿದೆ. ಹಗಲು ಮಾತ್ರ ನಡೆಯುವ ಸಣ್ಣ ಶಾಲೆಗೆ ಆಟೊಮೇಷನ್ ಸೇರಿಸೋದು ಬರೀ ಕೊಸರು. ಆ ದುಡ್ಡಲ್ಲಿ ಮೊದಲು ಫ್ಯಾನ್ ಬದಲಿಸಿ. ಹಳೇ ಫ್ಯಾನ್ 75 ವ್ಯಾಟ್, ಬಿಎಲ್‌ಡಿಸಿ ಫ್ಯಾನ್ 30. ಆದರೆ ರಾತ್ರಿಯಿಡೀ ಕಾರಿಡಾರ್ ಬೆಳಗಬೇಕಾದ ತಾಲ್ಲೂಕು ಆಸ್ಪತ್ರೆ, ಹಾಸ್ಟೆಲ್, ಬಸ್ ನಿಲ್ದಾಣ, ದೊಡ್ಡ ಕಚೇರಿ ಇವಕ್ಕೆ ಲೆಕ್ಕ ಬೇರೆ. ದೀಪ ಹೆಚ್ಚು, ಹೊತ್ತು ಹೆಚ್ಚು, ಖಾಲಿ ಜಾಗಗಳೂ ಹೆಚ್ಚು. ಅಲ್ಲಿ ಜಾಲ ತನ್ನ ಖರ್ಚು ತಾನೇ ದುಡಿಯುತ್ತೆ. ಹಾಗಾಗಿ ‘ಸ್ಮಾರ್ಟ್’ ಅನ್ನೋ ಪದ ಕೇಳಿದ ತಕ್ಷಣ ತಲೆ ಆಡಿಸಬೇಡಿ. ಯಾವ ಕಟ್ಟಡ, ಎಷ್ಟು ಗಂಟೆ ಅಂತ ಮೊದಲು ಕೇಳಿ.

ಇಷ್ಟು ಒಳ್ಳೆಯ ಮಾತು. ಈಗ ಕಂಪನಿಯವರು ಕೊಡುವ ಬಣ್ಣದ ಪುಸ್ತಕದಲ್ಲಿ ಇರದ ಮಾತು.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಮಿನಿಚಾಗ್ ಅನ್ನೋ ಪ್ರೌಢಶಾಲೆ ಇದೆ. 2012ರಲ್ಲಿ ಕಟ್ಟಿದ ಹೊಸ ಕಟ್ಟಡ, ಕರೆಂಟ್ ಉಳಿಸೋಕೆ ಅಂತಲೇ ಹಾಕಿದ ಆಟೊಮ್ಯಾಟಿಕ್ ದೀಪಗಳು, ಸುಮಾರು 7 ಸಾವಿರ. 2021ರ ಆಗಸ್ಟ್‌ನಲ್ಲಿ ಆ ಸಾಫ್ಟ್‌ವೇರ್ ಕೈಕೊಟ್ಟಿತು. ದೀಪಗಳು ಹತ್ತಿದವು, ಆರಲೇ ಇಲ್ಲ. ಒಂದು ದಿನ ಎರಡು ದಿನ ಅಲ್ಲ, ಸುಮಾರು ಒಂದೂವರೆ ವರ್ಷ! ಹಗಲೂ ರಾತ್ರಿ, ರಜೆಯಲ್ಲೂ. ಪಾಠದಲ್ಲಿ ಪ್ರೊಜೆಕ್ಟರ್ ತೋರಿಸಬೇಕಾದ ಶಿಕ್ಷಕರು ಬಲ್ಬು ತಿರುಗಿಸಿ ಬಿಚ್ಚಿದರು. ಆರಿಸೋಕೆ ಗೋಡೆಯ ಮೇಲೆ ಸ್ವಿಚ್ಚೇ ಇರಲಿಲ್ಲ. ಸಿಸ್ಟಮ್ ಹಾಕಿದ ಕಂಪನಿ ಅಷ್ಟರಲ್ಲಿ ಕೈಬದಲಾಗಿತ್ತು. ಬಿಡಿಭಾಗ ಸಮುದ್ರ ದಾಟಿ ಬರಬೇಕಿತ್ತು. ಕೊನೆಗೆ 2023ರ ಶುರುವಿನಲ್ಲಿ ಅದು ಬಗೆಹರಿಯಿತು. 2022ರ ಏಪ್ರಿಲ್‌ನಲ್ಲಿ ಅಮೆರಿಕದ್ದೇ ಇನ್‌ಸ್ಟಿಯಾನ್ ಅನ್ನೋ ಕಂಪನಿ ಗ್ರಾಹಕರಿಗೆ ಒಂದು ಮಾತೂ ಹೇಳದೆ ತನ್ನ ಸರ್ವರ್ ಬಂದ್ ಮಾಡಿತು. ಅದನ್ನೇ ನಂಬಿದ್ದ ಮನೆಗಳಲ್ಲಿ ಮೊಬೈಲ್ ಆ್ಯಪ್ ಸತ್ತುಹೋಯಿತು.

ಅಷ್ಟು ದುಡ್ಡು, ಅಷ್ಟು ಎಂಜಿನಿಯರ್‌ಗಳಿರುವ ದೇಶದಲ್ಲೇ ಈ ಗತಿ. ಅದೇ ಸಿಸ್ಟಮ್ ಹುಮನಾಬಾದ್ ತಾಲ್ಲೂಕಿನ ಒಂದು ಹಾಸ್ಟೆಲ್‌ಗೆ ಹಾಕಿ, ಕಂಪನಿ ಗಂಟುಮೂಟೆ ಕಟ್ಟಿದ ಮೇಲೆ ವಾರ್ಡನ್ ಯಾರಿಗೆ ಫೋನ್ ಮಾಡಬೇಕು? ಇಂಟರ್‌ನೆಟ್ ಇಲ್ಲದ ದಿನ ದೀಪ ಹತ್ತುತ್ತಾ?

ಹಾಗಾದರೆ ಈ ತಂತ್ರಜ್ಞಾನ ನಮಗೆ ಬೇಡವಾ? ಬೇಕು. ಯಾಕಂದರೆ ನಮ್ಮದೇ ರಾಜ್ಯದಲ್ಲಿ ಕಡಿಮೆ ವೋಲ್ಟೇಜಿನ ದೀಪ ಮೂವತ್ತು ವರ್ಷದಿಂದ ನಡೆದುಬಂದಿದೆ. 1995ರಲ್ಲಿ ಹರೀಶ್ ಹಂದೆ ಮತ್ತು ಅವರ ಜೊತೆಗಾರರು ಬೆಂಗಳೂರಿನಲ್ಲಿ ಸೆಲ್ಕೊ ಶುರುಮಾಡಿದರು. ಚಾವಣಿ ಮೇಲೊಂದು ಪ್ಯಾನೆಲ್, ಕೆಳಗೊಂದು ಬ್ಯಾಟರಿ, 12 ವೋಲ್ಟಿನ ನಾಲ್ಕು ದೀಪ, ಗ್ರಾಮೀಣ ಬ್ಯಾಂಕಿನ ಸಾಲ. 2011ರಲ್ಲಿ ಹಂದೆ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆ ಮಾದರಿ ಉಳಿದದ್ದರ ಗುಟ್ಟು ಪ್ಯಾನೆಲ್‌ನಲ್ಲಿ ಇರಲಿಲ್ಲ. ಗ್ರಾಹಕರ ಮನೆಗೆ ಹತ್ತಿರದಲ್ಲೇ ಸೇವಾ ಕೇಂದ್ರ ಇತ್ತು, ದೀಪ ಕೆಟ್ಟರೆ ಬರೋಕೆ ಅದೇ ಭಾಷೆ ಮಾತಾಡುವ ತಂತ್ರಜ್ಞ ಇದ್ದ. ದೀಪದ ಜೊತೆ ದುರಸ್ತಿಯನ್ನೂ ಮಾರಿದರು, ಅಷ್ಟೇ.

ವೈರ್‌ಮನ್ ಅಣ್ಣಾವ್ರ ಎರಡನೇ ಪ್ರಶ್ನೆಗೆ ಉತ್ತರ ಇಲ್ಲಿದೆ. ಕೆಲಸ ಹೋಗೋದಿಲ್ಲ, ಕೆಲಸದ ಸ್ವರೂಪ ಬದಲಾಗುತ್ತೆ. ಮೋಟಾರು, ಗೀಸರ್, ಗಿರಣಿ, ಮಿಕ್ಸಿ ಎಲ್ಲ 230 ವೋಲ್ಟಿನಲ್ಲೇ ಇರುತ್ತವೆ. ದೀಪ, ಫ್ಯಾನ್, ಕ್ಯಾಮೆರಾದ ಲೈನ್ ಮಾತ್ರ ಬೇರೆ ಆಗುತ್ತೆ. ನೆಟ್‌ವರ್ಕ್ ಕೇಬಲ್ ತುದಿಗೆ ಪಿನ್ ಒತ್ತೋದು, ಪ್ಲಸ್ ಮೈನಸ್ ತಪ್ಪದಂತೆ ಜೋಡಿಸೋದು, ದೂರಕ್ಕೆ ಎಷ್ಟು ವೋಲ್ಟ್ ಇಳಿಯುತ್ತೆ ಅಂತ ಲೆಕ್ಕ ಹಾಕೋದು, ಪ್ರತಿ ಕೇಬಲ್‌ಗೂ ಚೀಟಿ ಅಂಟಿಸಿ ನಕ್ಷೆ ಬರೆದಿಡೋದು, ಇದು ಹೊಸ ಪಾಠ. ಇಪ್ಪತ್ತು ವರ್ಷ ಗೋಡೆ ಕೊರೆದ ಕೈಗೆ ಇದು ಕೆಲವೇ ವಾರದ ಕಲಿಕೆ. ನಮ್ಮ ಐಟಿಐ ಎಲೆಕ್ಟ್ರಿಷಿಯನ್ ಹುಡುಗರಿಗೂ ಇದನ್ನ ಕೈಯಾರೆ ಮಾಡಿಸಬೇಕು. ಆದರೆ ಒಂದು ಷರತ್ತಿದೆ. ಸಿಸ್ಟಮ್ ತೆರೆದದ್ದಾಗಿದ್ದರೆ ಮಾತ್ರ ಅವರಿಗೆ ಕೆಲಸ ಸಿಗುತ್ತೆ. ಕಂಪನಿಯ ಪಾಸ್‌ವರ್ಡ್ ಇಲ್ಲದೆ ಪೆಟ್ಟಿಗೆ ಮುಟ್ಟುವ ಹಾಗಿಲ್ಲ ಅಂದರೆ, ಹಳ್ಳಿಖೇಡದ ವೈರ್‌ಮನ್ ಎಷ್ಟೇ ಕಲಿತರೂ ಬಾಗಿಲ ಹೊರಗೇ ನಿಲ್ಲಬೇಕು. ಊರಿನ ದೀಪ ಕೆಟ್ಟಾಗ ಊರಿನವರೇ ರಿಪೇರಿ ಮಾಡಬಹುದಾ ಇಲ್ಲವಾ ಅನ್ನೋದು ಟೆಂಡರ್ ಬರೆಯುವ ದಿನವೇ ತೀರ್ಮಾನ ಆಗಿಬಿಡುತ್ತೆ.

ಹಾಗಾಗಿ ಸರ್ಕಾರಿ ದುಡ್ಡಲ್ಲಿ ಕಟ್ಟುವ ಯಾವ ಕಟ್ಟಡಕ್ಕೇ ಆಗಲಿ ಈ ಐದು ಪ್ರಶ್ನೆ ಕೇಳಿ. ಒಂದು, ಪ್ರತಿ ಕೋಣೆಯ ಗೋಡೆಯಲ್ಲೂ ಕೈಯಿಂದ ಒತ್ತುವ ಸ್ವಿಚ್ ಇದೆಯಾ? ಎರಡು, ಇಂಟರ್‌ನೆಟ್ ಇಲ್ಲದಾಗ, ಮುಖ್ಯ ಕಂಪ್ಯೂಟರ್ ಕೆಟ್ಟಾಗ ದೀಪ ಹತ್ತುತ್ತಾ, ಆರುತ್ತಾ? ಮೂರು, ಡಾಲಿ, ಪಿಓಇ ತರಹದ ತೆರೆದ ಮಾನದಂಡ ಇದೆಯಾ, ಬೇರೆ ಕಂಪನಿಯ ದೀಪ ತಂದು ಹಾಕಿದರೆ ಹೊಂದುತ್ತಾ? ನಾಲ್ಕು, ಪಾಸ್‌ವರ್ಡ್, ನಕ್ಷೆ, ಸಾಫ್ಟ್‌ವೇರ್ ಎಲ್ಲ ಕಟ್ಟಡದ ಮಾಲೀಕರ ಕೈಗೆ ಬರುತ್ತಾ? ಐದು, ಸ್ಥಳೀಯವಾಗಿ ಇಬ್ಬರಿಗಾದರೂ ತರಬೇತಿ ಕೊಟ್ಟು, ಬಿಡಿ ದೀಪ, ಬಿಡಿ ಪೆಟ್ಟಿಗೆ ಇಟ್ಟು ಹೋಗ್ತಾರಾ? ಐದರಲ್ಲಿ ಒಂದಕ್ಕೆ ‘ಇಲ್ಲ’ ಅಂತ ಬಂದರೂ ಸಹಿ ಹಾಕಬಾರದು.

ಇದು ದೂರದ ಮಾತಲ್ಲ. ಹುಮನಾಬಾದ್ ಪಕ್ಕದ ತಾಲ್ಲೂಕು ಬಸವಕಲ್ಯಾಣ. ಅಲ್ಲಿ 2021ರ ಜನವರಿಯಲ್ಲಿ ಹೊಸ ಅನುಭವ ಮಂಟಪಕ್ಕೆ ಶಂಕುಸ್ಥಾಪನೆ ಆಯ್ತು. ಘೋಷಣೆಯಾದಾಗ 500 ಕೋಟಿ ರೂಪಾಯಿಯ ಅಂದಾಜು, 770 ಶರಣರ ನೆನಪಿಗೆ 770 ಕಂಬಗಳ ಯೋಜನೆ. ಅಷ್ಟು ದೊಡ್ಡ ಕಟ್ಟಡಕ್ಕೆ ಸಾವಿರಾರು ದೀಪ ಬೇಕು. ಕಡಿಮೆ ವೋಲ್ಟೇಜಿನ ಜಾಲ ನಿಜಕ್ಕೂ ಹೊಂದುವ ಜಾಗ ಅಂದರೆ ಇಂಥದ್ದೇ. ಗೋಡೆಗೆ ಪ್ಲಾಸ್ಟರ್ ಬಿದ್ದ ಮೇಲೆ ವೈರಿಂಗ್ ಬದಲಿಸೋದು ಎಷ್ಟು ಕಷ್ಟ ಅಂತ ಮನೆ ಕಟ್ಟಿದವರಿಗೆಲ್ಲ ಗೊತ್ತು. ಆದ್ದರಿಂದ ಕೇಳಬೇಕಾದ್ದನ್ನ ಪ್ಲಾಸ್ಟರ್‌ಗೆ ಮೊದಲೇ ಕೇಳಬೇಕು.

ಕಾಯಕಕ್ಕೆ ದೇವರ ಸ್ಥಾನ ಕೊಟ್ಟ ನೆಲ ಅದು. ದೀಪ ಹಚ್ಚುವವರ, ಕೆಟ್ಟ ದೀಪ ಸರಿಮಾಡುವವರ ಕಾಯಕವನ್ನ ಒಂದು ಪಾಸ್‌ವರ್ಡ್ ಕಿತ್ತುಕೊಳ್ಳಬಾರದು. ಹೊಸ ಬೆಳಕು ಬರಲಿ, ಕಡಿಮೆ ವೋಲ್ಟೇಜಿನಲ್ಲೇ ಬರಲಿ, ಯಾರ ಜೀವಕ್ಕೂ ಕುತ್ತು ತರದೆ ಬರಲಿ. ಅದನ್ನ ಆರಿಸುವ ಗುಂಡಿ ಮಾತ್ರ ನಮ್ಮ ಗೋಡೆಯ ಮೇಲೆ, ನಮ್ಮ ಕೈಗೆ ಸಿಗುವ ಎತ್ತರದಲ್ಲೇ ಇರಲಿ.